ಕೈ ಬಿಟ್ಟರೂ ಕೈ ಕೊಡದ ವಿಮಾನ

ಕಳೆದ ತಿಂಗಳು ಗುಬ್ಬಿಯಲ್ಲಿ ನಡೆದ ಸಂತಾಪ ಸಭೆಯೊಂದರಲ್ಲಿ, ತೀರಿಕೊಂಡವರನ್ನು ಒಮ್ಮೆಯೂ ಹತ್ತಿರದಿಂದ ಕಂಡಿರದ ಮಹನೀಯರೊಬ್ಬರು ಮೈಕಿನ ಮುಂದೆ ನಿಂತು, "ಡಾಕ್ಟರು ಬಿಡುವಿನ ವೇಳೆಯಲ್ಲಿ ಗಾಳಿಪಟ ಹಾರಿಸುತ್ತಿದ್ದರು" ಎಂದರು. ಸಭೆ ತಲೆದೂಗಿತು. ನಾನು ತಲೆದೂಗಲಿಲ್ಲ. ಎದ್ದು ನಿಂತು ತಿದ್ದಲು ಹೊರಟೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಜುಬ್ಬದ ತುದಿ ಹಿಡಿದು ಎಳೆದಳು.

"ಸತ್ತೋರ ಸಭೇಲೂ ಪೇಪರ್ ತಿದ್ದಬೇಕಾ ನೀವು? ಕೂತ್ಕೊಳ್ಳಿ."

ಕೂತೆ. ಆದರೆ ಒಪ್ಪಿ ಕೂರಲಿಲ್ಲ. ಗಾಳಿಪಟಕ್ಕೆ ದಾರ ಇರುತ್ತದೆ. ನಮ್ಮ ಡಾಕ್ಟರು ಹಾರಿಸುತ್ತಿದ್ದುದಕ್ಕೆ ದಾರವಿರಲಿಲ್ಲ. ಎಂಜಿನ್ ಇತ್ತು, ರೆಕ್ಕೆ ಇತ್ತು, ನೆಲದ ಮೇಲೆ ನಿಂತವನ ಕೈಯ ಪೆಟ್ಟಿಗೆಯಿಂದ ರೇಡಿಯೋ ಅಲೆಗಳ ಮೂಲಕ ಹೋಗುವ ಆಜ್ಞೆಯನ್ನು ಪಾಲಿಸುವ ಬಾಲವಿತ್ತು. ಅದು ವಿಮಾನ. ಆಕಾರದಲ್ಲಿ ಕಿರಿದು, ಅಷ್ಟೇ. ಈ ವ್ಯತ್ಯಾಸವನ್ನು ದಾಖಲಿಸುವುದು ನನ್ನ ಕರ್ತವ್ಯವೆಂದು ಭಾವಿಸಿ ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಅವರು ನನ್ನ ಹೆಸರು ಹಿಡಿದು ಒಂದು ದಿನವಾದರೂ ಕರೆದವರಲ್ಲ. "ಏನ್ರೀ ವ್ಯಾಕರಣ" ಎನ್ನುತ್ತಿದ್ದರು, ಹುಮ್ಮಸ್ಸು ಹೆಚ್ಚಾದಾಗ "ಏನ್ರೀ ತೆಂಗಿನಮರ" ಎನ್ನುತ್ತಿದ್ದರು. ನಾನು ಕನ್ನಡ ಅಧ್ಯಾಪಕ ಎಂಬುದೂ ಎತ್ತರದ ಆಳು ಎಂಬುದೂ ನಿಜ. ನಿಜವಾದ ಮಾತ್ರಕ್ಕೆ ಹೇಳಬೇಕೆಂದಿಲ್ಲ.

ಎಪ್ಪತ್ತರ ದಶಕದ ಕೊನೆಯ ಭಾಗ. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಒಂದು ಹಸು. ಹಸು ಮೇವು ಬಿಟ್ಟಿತೆಂದು ದನದ ಆಸ್ಪತ್ರೆಗೆ ಹೇಳಿಕಳುಹಿಸಿದಾಗ ಬಂದವರು ಇವರು. ಗಿಡ್ಡನೆಯ ಮೈಕಟ್ಟು, ಗುಂಡು ಹೊಟ್ಟೆ, ಮೊಣಕೈವರೆಗೆ ತೋಳು ಮಡಿಸಿದ ಬಿಳಿ ಕೋಟು. ತುಮಕೂರಿಗೆ ಬರುವ ಮುನ್ನ ಬಹುಕಾಲ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಇದ್ದವರಾದ್ದರಿಂದ ಹಸುಗಳನ್ನು ಒಂದು ಬಗೆಯ ಕನಿಕರದಿಂದ ನೋಡುತ್ತಿದ್ದರು. ನಾನು ಹಸುವಿನ ರೋಗಲಕ್ಷಣಗಳನ್ನು ಕ್ರಮವಾಗಿ, ಪೂರ್ಣ ವಾಕ್ಯಗಳಲ್ಲಿ ನಿವೇದಿಸುತ್ತಿದ್ದೆ. ಅವರು ಅದರ ಕತ್ತು ತಟ್ಟಿ, ನನ್ನನ್ನು ದಾಟಿ, ನನ್ನ ಹೆಂಡತಿಯ ಕಡೆ ತಿರುಗಿದರು.

"ಹಸೂಗೇನೂ ಆಗಿಲ್ಲ ಕಣಮ್ಮ. ಇವ್ರು ಅದರ ಮುಂದೆ ಸ್ವಲ್ಪ ಕಮ್ಮಿ ಮಾತಾಡಿದ್ರೆ ತಾನೇ ಮೇಯುತ್ತೆ."

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಹಸು ಮರುದಿನವೇ ಮೇಯತೊಡಗಿದ್ದು ನನಗಾದ ಎರಡನೆಯ ಅವಮಾನ.

ಹಸುವಿನ ನೆಪದಲ್ಲಿ ಬಂದವರು ಮತ್ತೆ ಕಾಫಿಯ ನೆಪದಲ್ಲಿ ಬಂದರು. ಆಗ ನಮ್ಮ ನಡುಮನೆಯ ಬೀರುವಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಕುಳಿತಿತ್ತು. ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ಭಾವಮೈದುನ ಯಾವುದೋ ಬಂದರಿನಿಂದ ತಂದುಕೊಟ್ಟದ್ದು: ಉದ್ದ ಏರಿಯಲ್ಲಿನ ರೇಡಿಯೋ ಕಂಟ್ರೋಲ್ ಸೆಟ್ಟು, ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕ ಎಂಜಿನ್, ಮತ್ತು ಬಣ್ಣಬಣ್ಣದ ವಿಮಾನಗಳ ಚಿತ್ರಗಳಿದ್ದ ಒಂದು ಕ್ಯಾಟಲಾಗು. ವಿಮಾನ ಮಾತ್ರ ಇರಲಿಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು. ಭಾವಮೈದುನ ಕೊಡುವಾಗ, "ಭಾವ, ಇದು ಹಾಳಾದ್ರೆ ಈ ದೇಶದಲ್ಲಿ ರಿಪೇರಿ ಇಲ್ಲ, ಇನ್ನೊಂದು ತರೋಕೆ ನಾನೂ ಆ ಕಡೆ ಹೋಗಲ್ಲ" ಎಂದಿದ್ದ. ಆದ್ದರಿಂದ ನಾನು ವರ್ಷಗಟ್ಟಲೆ ಅದರ ಧೂಳು ಒರೆಸಿ, ಕ್ಯಾಟಲಾಗು ತಿರುವಿ, ಮತ್ತೆ ಮೇಲಿಡುತ್ತಿದ್ದೆ. ಹುಡುಗನಾಗಿದ್ದಾಗಿನಿಂದ ಆಕಾಶದಲ್ಲಿ ಸದ್ದಾದರೆ ಅಂಗಳಕ್ಕೆ ಓಡಿ ಬರುವವನು ನಾನು. ವಿಭಕ್ತಿ ಪ್ರತ್ಯಯ ಕಲಿಸುತ್ತಿದ್ದಾಗಲೂ ಸದ್ದಾದರೆ ಕಿಟಕಿಯ ಕಡೆ ಹೋಗುತ್ತಿದ್ದೆ.

ಡಾಕ್ಟರು ಪೆಟ್ಟಿಗೆಯನ್ನು ಕಂಡವರೇ ಕಾಫಿಯ ಲೋಟವನ್ನು ಕೆಳಗಿಟ್ಟರು. ಕುರ್ಚಿ ಹತ್ತಿ ಅದನ್ನು ಇಳಿಸಿಕೊಂಡರು.

"ಏನ್ರೀ ವ್ಯಾಕರಣ, ಮನೇಲಿ ಇಂಥ ಮರಿ ಇಟ್ಕೊಂಡು ಹಸೂಗೆ ಹುಲ್ಲು ಹಾಕ್ತಾ ಕೂತಿದೀರಲ್ರೀ."

ಅವರು ಕುಣಿಗಲ್ಲಿನಲ್ಲಿದ್ದಾಗ ಬೆಂಗಳೂರಿನ ಸ್ನೇಹಿತನೊಬ್ಬನಿಂದ ಈ ವಿದ್ಯೆ ಕಲಿತು, ಬೇಸಿಗೆಯಲ್ಲಿ ಕೆರೆ ಬತ್ತಿದ ಕಡೆ ಹಾರಿಸಿ, ಹಾರಿಸಿದ ಎರಡನ್ನೂ ಒಡೆದುಕೊಂಡು, ಮೂರನೆಯದಕ್ಕೆ ರೇಡಿಯೋ ಸಿಗದೆ ಕೈಕಟ್ಟಿ ಕೂತಿದ್ದರೆಂದು ಆಗ ತಿಳಿಯಿತು. ಅವರಿಗೆ ವಿದ್ಯೆ ಇತ್ತು, ಸೆಟ್ಟು ಇರಲಿಲ್ಲ. ನನ್ನಲ್ಲಿ ಸೆಟ್ಟು ಇತ್ತು. ಅಲ್ಲಿಗೆ ನಮ್ಮ ಸ್ನೇಹ ಶುರುವಾಯಿತು ಎನ್ನುವುದಕ್ಕಿಂತ, ಅವರು ನಮ್ಮ ಮನೆ ಬಿಟ್ಟು ಹೋಗಲಿಲ್ಲ ಎನ್ನುವುದು ಸರಿ.

ಯಾವ ವಿಮಾನ ಎಂಬ ಪ್ರಶ್ನೆ ಬಂತು. ನನಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ಕ್ಯಾಟಲಾಗಿನ ನಡುಪುಟದಲ್ಲಿ ಕೆಂಪು ಯುದ್ಧವಿಮಾನವೊಂದಿತ್ತು. ರೆಕ್ಕೆ ಹೊಟ್ಟೆಯ ಕೆಳಗೆ ಚೂರಿಯಂತೆ ತೆಳ್ಳಗೆ. ಮೂತಿಯ ಎರಡೂ ಬದಿಗೆ ಬಾಯಿ ತೆರೆದ ಮೀನಿನ ಹಲ್ಲುಗಳನ್ನು ಬರೆದಿದ್ದರು. ಆ ಪುಟ ನನ್ನ ಬೆರಳು ತಗಲಿ ತಗಲಿ ಮೆತ್ತಗಾಗಿತ್ತು. ಅದನ್ನು ಡಾಕ್ಟರ ಮುಂದೆ ಹಿಡಿದೆ. ಅವರು ಪುಟವನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದು, ಸಂತೆಯಲ್ಲಿ ದನ ನೋಡುವವರಂತೆ ಆ ಕಡೆ ಈ ಕಡೆ ತಿರುಗಿಸಿದರು.

"ಹಲ್ಲು ನೋಡಿ ಕೊಂಡ್ಕೊಳ್ಳೋದು ಎತ್ತನ್ನ. ವಿಮಾನಾನಲ್ಲ. ಇದು ಕಚ್ಚುತ್ತೆ ಕಣ್ರೀ."

"ಚೆನ್ನಾಗಿದೆಯಲ್ಲ ಡಾಕ್ಟ್ರೇ."

"ಚೆನ್ನಾಗೇ ಇದೆ. ಕುಣಿಗಲ್ಲಲ್ಲಿ ಚೆನ್ನಾಗಿರೋ ಕುದುರೆ ಮೇಲೆ ಹೊಸಬ್ರನ್ನ ಕೂರಿಸಿದ್ದನ್ನ ನೋಡಿದೀನಿ. ಅವ್ರು ಕೂತಿದ್ದನ್ನ ಯಾರೂ ನೋಡ್ಲಿಲ್ಲ, ಬಿದ್ದಿದ್ದನ್ನ ಎಲ್ರೂ ನೋಡಿದ್ರು."

ಬಳಿಕ ಹಿತ್ತಲಲ್ಲಿ ನನ್ನನ್ನು ನಿಲ್ಲಿಸಿ ಪಾಠ ಮಾಡಿದರು. ನನ್ನ ಎರಡು ಕೈಗಳನ್ನೂ ರೆಕ್ಕೆಯಂತೆ ಚಾಚಿಸಿ, ಅವನ್ನು ತುಸು ಮೇಲಕ್ಕೆತ್ತಿಸಿದರು. ಮೊದಲ ವಿಮಾನದ ರೆಕ್ಕೆ ಹೊಟ್ಟೆಯ ಕೆಳಗಲ್ಲ, ನೆತ್ತಿಯ ಮೇಲಿರಬೇಕು. ಮೈಭಾರ ರೆಕ್ಕೆಯಿಂದ ತೂಗುತ್ತಿರಬೇಕು, ತೊಟ್ಟಿಲಿನ ಹಾಗೆ. ರೆಕ್ಕೆಯ ತುದಿಗಳು ಬೊಗಸೆ ಹಿಡಿದಂತೆ ಮೇಲೆದ್ದಿರಬೇಕು. ಆಗ ಒಂದು ಕಡೆ ವಾಲಿದರೂ ಗಾಳಿಯೇ ಅದನ್ನು ಎತ್ತಿ ಕೂರಿಸುತ್ತದೆ. ರೆಕ್ಕೆ ದಪ್ಪಗಿರಬೇಕು, ನಡಿಗೆ ನಿಧಾನವಿರಬೇಕು. ರೆಕ್ಕೆಯನ್ನು ಮೈಗೆ ಅಂಟಿಸಬಾರದು; ಸೈಕಲ್ ಟ್ಯೂಬಿನ ರಬ್ಬರಿನಿಂದ ಕಟ್ಟಬೇಕು. ಬಿದ್ದಾಗ ಕಳಚಿಕೊಳ್ಳುತ್ತದೆ, ಮುರಿಯುವುದಿಲ್ಲ. ಇಷ್ಟೂ ಹೊತ್ತು ನಾನು ಕೈ ಚಾಚಿಕೊಂಡೇ ನಿಂತಿದ್ದೆ, ಬೇಲಿಯಾಚೆಯಿಂದ ಪಕ್ಕದ ಮನೆಯವರು ನೋಡುತ್ತಿದ್ದರು.

"ಒಂದೇ ಮಾತಲ್ಲಿ ಹೇಳ್ಳಾ? ನೀವು ಕೈ ಬಿಟ್ರೂ ಅದು ಕೈ ಕೊಡಬಾರ್ದು. ಅಂಥದ್ದೇ ಮೊದಲ್ನೇ ವಿಮಾನ. ಕೈ ಕೊಡೋದೆಲ್ಲ ಎರಡನೇದಕ್ಕೆ ಇರಲಿ."

ವ್ಯಾಕರಣದವನಾಗಿ ನಾನು ಆ ವಾಕ್ಯವನ್ನು ಮೆಚ್ಚಿದೆ. ಅದು ವರ್ಣಿಸಿದ ವಸ್ತುವನ್ನು ಮೆಚ್ಚಲಿಲ್ಲ. ಅವರು ತೆಗೆದ ನಕ್ಷೆಯಲ್ಲಿದ್ದುದು ಅಕ್ಕಿಯ ಡಬ್ಬಕ್ಕೆ ಹಲಗೆ ಹೊಡೆದಂತಿತ್ತು. ನೋಡಿದೊಡನೆ, ಬಿಚ್ಚುಮಾತಿನಲ್ಲಿ, ಸಾಕ್ಷಿಯ ಸಮ್ಮುಖದಲ್ಲಿ ಹೇಳಿದೆ: ಇದು ಕುರೂಪ. ಸಾಕ್ಷಿ ನನ್ನ ಹೆಂಡತಿ. ಬೇಕಾದವರು ಈಗಲೂ ಕೇಳಬಹುದು. ಡಾಕ್ಟರು, "ಮುರ್ರಾ ಎಮ್ಮೆ ಕಣ್ರೀ ಇದು, ಜಾತಿ ಗೊತ್ತಿದ್ದೋನಿಗೆ ಲಕ್ಷಣ ಕಾಣುತ್ತೆ" ಎಂದರು. ಜಾತಿ ಗೊತ್ತಿಲ್ಲದವನು ನಾನು ಎಂಬುದು ಅದರ ಧ್ವನಿ.

ಕಟ್ಟಲು ಒಂದು ಚಳಿಗಾಲ ಹಿಡಿಯಿತು. ವೈರ್‌ಲೆಸ್ ಲೈಸೆನ್ಸಿಗೂ ಅರ್ಜಿ ಹಾಕಿ ಪಡೆದೆ. ನಾನು ಯಾವುದನ್ನೂ ಅಕ್ರಮವಾಗಿ ಹಾರಿಸಿದವನಲ್ಲ. ಹತ್ತಿಗಿಂತ ತುಸುವೇ ಭಾರವಿದ್ದ ಬಾಲ್ಸಾ ಮರವನ್ನು ಬೆಂಗಳೂರಿನಿಂದ ತರಿಸಿ, ಬ್ಲೇಡಿನಿಂದ ಕತ್ತರಿಸಿ, ಎಲುಬುಗೂಡು ಮಾಡಿ, ಅದಕ್ಕೆ ರೇಷ್ಮೆಯ ಹೊದಿಕೆ ಬಿಗಿದು ವಾರ್ನಿಷು ಬಳಿಯಬೇಕು. ನಾನು ಕೆಂಪು ಎಂದೆ. ಡಾಕ್ಟರು ಹಳದಿ ಎಂದರು. ಹಳದಿಯೇ, ಅರಿಸಿನದಂಥ ಹಳದಿಯೇ ಆಗಬೇಕು, ಅದೂ ಗಾತ್ರ ನಕ್ಷೆಗಿಂತ ದೊಡ್ಡದಾಗಬೇಕು ಎಂದು ಹಟ ಹಿಡಿದರು. ನನ್ನ ಹೆಂಡತಿ ಟ್ರಂಕಿನಿಂದ ತನ್ನ ಹಳೆಯ ಹಳದಿ ರೇಷ್ಮೆ ಸೀರೆಯನ್ನು ತೆಗೆದು ಕೊಟ್ಟಳು. ಕೊಡುವಾಗ ಸುಮ್ಮನೆ ಕೊಡಲಿಲ್ಲ.

"ನೋಡಿ ಡಾಕ್ಟ್ರೇ, ನಾನು ಉಟ್ಟಾಗ ಇವ್ರು ಒಂದಿನ ತಲೆ ಎತ್ತಿ ನೋಡ್ಲಿಲ್ಲ. ಇನ್ಮೇಲೆ ಕತ್ತು ನೋವು ಬರೋವರೆಗೂ ನೋಡ್ತಾರೆ."

ಅಷ್ಟರಲ್ಲಿ ಡಾಕ್ಟರಿಗೆ ಗುಬ್ಬಿಗೆ ವರ್ಗವಾಯಿತು. ಒಳ್ಳೆಯದೇ ಆಯಿತು, ಬೇಸಿಗೆಯಲ್ಲಿ ಅಲ್ಲಿನ ಕೆರೆಯಂಗಳ ಒಣಗಿ ವಿಶಾಲವಾಗಿರುತ್ತಿತ್ತು. ನಾನು ಭಾನುವಾರ ತುಮಕೂರಿನಿಂದ ರೈಲು ಹತ್ತಿ ಹೋಗುತ್ತಿದ್ದೆ. ಜಮಖಾನದಲ್ಲಿ ಸುತ್ತಿದ, ಹುಡುಗನೊಬ್ಬನ ಎತ್ತರದ ರೆಕ್ಕೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತರೆ, ಎದುರಿನವರು ಬಹಳ ಹೊತ್ತು ತಡೆದುಕೊಳ್ಳುತ್ತಿರಲಿಲ್ಲ.

"ನಾಟ್ಕುದ್ ಕಂಪ್ನಿಯೋರಾ ಸೋಮಿ?"

"ಅಲ್ಲ."

"ಮತ್ತೆ ರೆಕ್ಕೆ?"

"ವಿಮಾನದ್ದು."

"ಅದೇ ಮತ್ತೆ. ಗರುಡುಂದು ಅಂದ್ಕಂಡೆ, ಪುಷ್ಪಕ ವಿಮಾನುದ್ದು. ಯಾವ್ ಪಾಲ್ಟು ನಿಮ್ದು, ರಾವಣುಂದಾ?"

ನಾನು ಹರಿಶ್ಚಂದ್ರನ ಪಾತ್ರಕ್ಕೂ ಒಪ್ಪುವ ಮುಖದವನು. ರಾವಣನೆಂದು ಆ ಮನುಷ್ಯ ಯಾಕೆ ತೀರ್ಮಾನಿಸಿದನೋ ಇಂದಿಗೂ ತಿಳಿದಿಲ್ಲ.

ಡಾಕ್ಟರು ಕೆರೆಯಂಗಳದಲ್ಲಿ ಬೇರೆಯೇ ಮನುಷ್ಯ. ವಿಮಾನವನ್ನು ಎರಡು ಬೆರಳುಗಳ ಮೇಲೆ ಎತ್ತಿ, ಮೂಗು ತುಸು ಬಾಗಿದೆಯೇ ಎಂದು ತೂಕ ನೋಡುವರು. ಬಾಲವನ್ನು ಅಲ್ಲಾಡಿಸಿ, ಪಕ್ಕೆ ತಟ್ಟಿ, "ಆಯ್ತು ಕಣಮ್ಮ, ಆಯ್ತು" ಎಂದು ಸಮಾಧಾನ ಹೇಳುವರು. ಇಂಧನಕ್ಕೆ ಸ್ಪಿರಿಟ್ಟಿನ ಜೊತೆ ಹರಳೆಣ್ಣೆ ಬೆರೆಸಬೇಕಿತ್ತು. ಬೆಳ್ಳಾವಿಯ ಗಾಣದಿಂದ ಶುದ್ಧವಾದದ್ದನ್ನು ತರಿಸುತ್ತಿದ್ದರು. ಮುಂದಿನ ಫ್ಯಾನನ್ನು ಬೆರಳಿಂದ ಬೀಸಿದರೆ ಎಂಜಿನ್ ಕೆಮ್ಮಿ, ಸೀನಿ, ಒಮ್ಮೆಲೇ ಚೀರುತ್ತಿತ್ತು. ಬೇಯದ ಹರಳೆಣ್ಣೆಯನ್ನು ನಮ್ಮಿಬ್ಬರ ಮುಖಕ್ಕೂ ಸಿಂಪಡಿಸುತ್ತಿತ್ತು. ಸಂಜೆ ನಾನು ಮನೆಯೊಳಗೆ ಕಾಲಿಡುವ ಮೊದಲೇ ಹೆಂಡತಿ ಒಳಗಿನಿಂದ ಹೇಳುತ್ತಿದ್ದಳು: "ಬಂದ್ರಾ? ಬಾಣಂತಿ ಕೋಣೆ ವಾಸ್ನೆ ಬೀದಿಯಿಂದಾನೇ ಬಂತು."

ಆದರೆ ಅದು ಮೇಲೆದ್ದ ಮೊದಲ ಕ್ಷಣವನ್ನು ಏನೆಂದು ಹೇಳಲಿ. ಒಣಗಿ ಬಿರಿದ ಮಣ್ಣಿನ ಮೇಲೆ ಕುಣಿಯುತ್ತ ಓಡಿದ ಅಕ್ಕಿಡಬ್ಬ ಇದ್ದಕ್ಕಿದ್ದಂತೆ ಕುಣಿತ ನಿಲ್ಲಿಸಿತು. ನಿಂತದ್ದು ಕುಣಿತ ಮಾತ್ರ, ಓಟವಲ್ಲ. ಚಕ್ರಗಳ ಕೆಳಗೆ ಬೆಳಕು ಕಂಡಿತು. ನಾನು ಕಲಿತ ಭಾಷೆಯಲ್ಲೆಲ್ಲ ಹುಡುಕಿ, ಒಂದು ಪದವೂ ಸಿಗದೆ, ನಗತೊಡಗಿದೆ. ಮೇಯುತ್ತಿದ್ದ ಆಡುಗಳು ಚದುರಿದವು. ಕಾಯುತ್ತಿದ್ದ ಮುದುಕ ಮಾತ್ರ ಕದಲಲಿಲ್ಲ. ಮೇಲೆ ನೋಡಿ, "ಬುಡಿ ಸೋಮಿ, ಸಂದಾಕೈತೆ. ಆದ್ರೆ ಮೊಟ್ಟೆ ಇಕ್ಕೋ ಜಾತಿಯಲ್ಲ" ಎಂದ.

ಡಾಕ್ಟರು ವಿಮಾನವನ್ನು ಸಾಕಷ್ಟು ಎತ್ತರಕ್ಕೆ ಒಯ್ದು ರೇಡಿಯೋ ಪೆಟ್ಟಿಗೆಯನ್ನು ನನ್ನ ಕೊರಳಿಗೆ ಹಾಕುತ್ತಿದ್ದರು. ಎರಡು ಪುಟ್ಟ ಕಡ್ಡಿಗಳನ್ನು ಆಡಿಸಿ ವಿಮಾನವನ್ನು ತಿರುಗಿಸುವ ಆ ಪೆಟ್ಟಿಗೆಗೆ ಅವರು ಇಟ್ಟ ಹೆಸರು ಲಗಾಮು. ನಮ್ಮಿಂದ ದೂರ ಹೋಗುವಾಗ ವಿಮಾನದ ಎಡ ಬಲ ನಮ್ಮ ಎಡ ಬಲವೇ. ನಮ್ಮ ಕಡೆ ಮುಖ ಮಾಡಿ ಬರುವಾಗ ಎಲ್ಲವೂ ತಿರುಗುಮುರುಗು; ಅದು ಬಲಕ್ಕೆ ವಾಲಿದರೆ ನಮ್ಮ ಕಣ್ಣಿಗೆ ಎಡ. ಹೊಸಬರೆಲ್ಲ ಅಲ್ಲೇ ಕೆಡುವುದು. ಅದಕ್ಕೆ ಡಾಕ್ಟರು ಹೇಳಿಕೊಟ್ಟ ಉಪಾಯವೆಂದರೆ, ಎಡ ಬಲ ಮರೆತುಬಿಡಿ, ಯಾವ ರೆಕ್ಕೆ ಕೆಳಗೆ ಬಿದ್ದಿದೆಯೋ ಆ ಕಡೆಗೆ ಕಡ್ಡಿಯನ್ನು ತಳ್ಳಿ, ಬಿದ್ದವರಿಗೆ ಕೈ ಕೊಟ್ಟು ಎತ್ತುವ ಹಾಗೆ. ಉಪಾಯ ಒಳ್ಳೆಯದು. ಹೇಳಿದ ರೀತಿ ಕೆಟ್ಟದ್ದು. ನನ್ನ ಮೊದಲ ಪಾಠದಲ್ಲಿ ವಿಮಾನ ನಮ್ಮ ಕಡೆ ತಿರುಗಿ ವಾಲಿತು, ನಾನು ತಡಬಡಾಯಿಸಿದೆ. ಹಿಂದಿನಿಂದ ಅವರ ಕೂಗು ಬಂತು.

"ಬಿತ್ತು ಬಿತ್ತು, ಕೈ ಕೊಡ್ರೀ. ಬಿದ್ದ ಕಡೆ ಕೈ ಕೊಡ್ರೀ."

ಬಿರುಕುಬಿಟ್ಟ ಕೆರೆಯಂಗಳ. ವಯಸ್ಸಾದ, ಹೊಟ್ಟೆ ಬಂದ ಮನುಷ್ಯ. ಬಿದ್ದವರು ಅವರೇ ಎಂದು ಯಾರಾದರೂ ತಿಳಿಯುತ್ತಿದ್ದರು. ನಾನು ಕಡ್ಡಿಗಳನ್ನು ಬಿಟ್ಟು, ಹಿಂದೆ ತಿರುಗಿ, ಬಾಗಿ ಕೈ ಚಾಚಿದೆ. ಅವರು ನೆಟ್ಟಗೆ ನಿಂತಿದ್ದರು. ನನ್ನ ಕೈಯನ್ನು ನೋಡಿದರು, ನನ್ನ ಮುಖ ನೋಡಿದರು. ಅಷ್ಟರಲ್ಲಿ, ಯಾರೂ ಹಿಡಿಯದಿದ್ದ ವಿಮಾನ ತಾನಾಗಿಯೇ ಬೊಗಸೆಯ ರೆಕ್ಕೆಗಳನ್ನು ಸಮ ಮಾಡಿಕೊಂಡು, ನಮ್ಮ ತಲೆಯ ಮೇಲೆ ಗಂಭೀರವಾಗಿ ಹಾದುಹೋಯಿತು. ಡಾಕ್ಟರು ನನ್ನ ಕೈಯನ್ನು ಹಿಡಿದು ಕುಲುಕಿ, ಹಾಗೇ ನೆಲಕ್ಕೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಿಜವಾಗಿಯೂ ಎತ್ತಬೇಕಾಯಿತು.

ಈ ಸಂಗತಿಯನ್ನು ಅವರು ಗುಬ್ಬಿಯ ಹೋಟೆಲುಗಳಲ್ಲಿ ಹೇಳಿದರು. ಎಮ್ಮೆ ತಂದವರಿಗೆಲ್ಲ ಹೇಳಿದರು. ನನ್ನ ಹೆಂಡತಿಗೆ ಅಭಿನಯಿಸಿ ತೋರಿಸಿದರು. ನನ್ನ ಕಾಲೇಜಿಗೂ ಅದು ತಲುಪಿತು. ಅಲ್ಲಿದ್ದ ಭೌತಶಾಸ್ತ್ರದ ಅಧ್ಯಾಪಕ, ನನಗಿಂತ ಚಿಕ್ಕವನು, ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುವಂತೆ, "ಕನ್ನಡ ಮೇಷ್ಟ್ರು ವಿಮಾನ ಇಳಿಸಿದ ದಿನ ನಾನು ಇದೇ ಟೇಬಲ್ ಮೇಲೆ ನಿಂತು ಹರಿಕಥೆ ಮಾಡ್ತೀನಿ" ಎಂದ.

ಹಾರಿಸಿದ ದಿನ ಎನ್ನಲಿಲ್ಲ, ಗಮನಿಸಿ. ಇಳಿಸಿದ ದಿನ ಎಂದ. ಗಾಯಕ್ಕೆ ನೇರವಾಗಿ ಬೆರಳಿಟ್ಟ. ಏಕೆಂದರೆ ಆ ಬೇಸಿಗೆಯೂ ಮುಂದಿನ ಬೇಸಿಗೆಯೂ ಡಾಕ್ಟರು ನನಗೆ ಒಂದು ಸಲವೂ ವಿಮಾನ ಇಳಿಸಲು ಬಿಟ್ಟಿರಲಿಲ್ಲ. ಅದು ದೂರದಲ್ಲಿರುವವರೆಗೆ ಲಗಾಮು ನನ್ನದು. ಹತ್ತಿರ ಬಂದು ತಗ್ಗಿದೊಡನೆ, "ಕೊಡಿ ಇಲ್ಲಿ" ಎಂದು ಕಿತ್ತುಕೊಳ್ಳುತ್ತಿದ್ದರು. ಇಳಿಸದವನು ಹಾರಿಸಿದವನಲ್ಲ, ಕ್ರಿಯಾಪದವಿಲ್ಲದ ವಾಕ್ಯ ಅದು. ಸಾಲದ್ದಕ್ಕೆ ದೂರದಲ್ಲಿರುವಾಗ ಶಾಲೆಯ ಹುಡುಗನಿಗೆ ಕೇಳುವಂತೆ ಪ್ರಶ್ನೆ ಕೇಳುತ್ತಿದ್ದರು. "ಈಗ ಮುಖ ಯಾವ ಕಡೆ? ಯಾವ ಮಗ್ಗುಲಿಗೆ ಮಲಗಿದೆ? ಬಾಯಿಬಿಟ್ಟು ಹೇಳ್ರೀ." ನಾನು ಹಲ್ಲು ಕಚ್ಚಿ ಉತ್ತರಿಸುತ್ತಿದ್ದೆ. ನಾನು ಇಡೀ ಜಿಲ್ಲೆಯ ಮಕ್ಕಳ ಉತ್ತರಪತ್ರಿಕೆ ನೋಡಿದವನು.

ಎರಡನೆಯ ವರ್ಷ ಮಳೆಗಾಲಕ್ಕೆ ಮುನ್ನ ಕೊನೆಯ ಭಾನುವಾರ, ಭೌತಶಾಸ್ತ್ರದವನನ್ನೂ ರೈಲಿಗೆ ಹತ್ತಿಸಿಕೊಂಡು ಗುಬ್ಬಿಗೆ ಹೋದೆ. ಡಾಕ್ಟರಿಂದ ಮುಂಚಿತವಾಗಿ ಮಾತು ಪಡೆದಿದ್ದೆ: ಇವತ್ತು ಇಳಿಸುವುದು ನಾನೇ, ನೀವು ಮುಟ್ಟಕೂಡದು. ಅವರು ವಿಮಾನದ ಪಕ್ಕೆ ತಟ್ಟುತ್ತ, "ಆಯ್ತು ಕಣ್ರೀ, ಮುಟ್ಟಲ್ಲ" ಎಂದಿದ್ದರು. ಆ ಒಂದೇ ರೇಡಿಯೋ, ಆ ಒಂದೇ ಎಂಜಿನ್. ನೆಲಕ್ಕೆ ಬಡಿದರೆ ನನ್ನ ಆಕಾಶ ಅಲ್ಲಿಗೆ ಮುಗಿಯಿತು. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಹಾರಾಟ ಸೊಗಸಾಗಿ ಸಾಗಿತು. ಹಳದಿ ಸೀರೆ ಇಳಿಬಿಸಿಲಿನಲ್ಲಿ ಹೊಳೆಯುತ್ತ ಸುತ್ತು ಹಾಕಿತು. ಎಂಜಿನ್ನಿನ ಸದ್ದು ತಗ್ಗಿಸಿ ಇಳಿಸಲು ತಿರುಗಿಸಿದೆ. ಆ ಹೊತ್ತಿಗೆ ಸರಿಯಾಗಿ ಗಾಳಿಯೊಂದು ಬೀಸಿ ರೆಕ್ಕೆ ತುಸು ಎತ್ತಿತು. ಅಷ್ಟೇ. ಡಾಕ್ಟರು ಕೊಟ್ಟ ಮಾತನ್ನು ಮರೆತು, ಪಟ್ಟಿ ಸಹಿತ ಪೆಟ್ಟಿಗೆಯನ್ನು ನನ್ನ ಕೊರಳಿನಿಂದ ತೆಗೆದು ತಮ್ಮ ಕೊರಳಿಗೆ ಹಾಕಿಕೊಂಡರು. ಎಂಜಿನ್ ಜೋರು ಮಾಡಿ ವಿಮಾನವನ್ನು ಮೇಲೆತ್ತಿದರು. ಅದು ನೇರವಾಗಿ ಪಡುವಲ ಬಿಸಿಲಿನೊಳಕ್ಕೆ ನುಗ್ಗಿತು.

ನಾನು ಕೋಪದಿಂದ ಮುಖ ತಿರುಗಿಸಿ ನಿಂತೆ. ಅವರು ಕೇಳಿದರು.

"ಎಲ್ಲಿದೆ ಈಗ?"

ಮತ್ತೆ ಪರೀಕ್ಷೆ.

"ಹೇಳ್ರೀ, ಮುಖ ಯಾವ ಕಡೆ?"

"ಕಾಣುತ್ತಲ್ಲ ಡಾಕ್ಟ್ರೇ, ನೋಡ್ಕೊಳ್ಳಿ."

"ಕಾಣ್ತಿಲ್ಲ ಕಣ್ರೀ."

ಆ ದನಿಯನ್ನು ನಾನು ಅವರಲ್ಲಿ ಎಂದೂ ಕೇಳಿರಲಿಲ್ಲ. ತಿರುಗಿ ನೋಡಿದೆ. ಅವರು ಆಕಾಶದ ಬೇರೊಂದು ಮೂಲೆಯನ್ನು ನೋಡುತ್ತ, ಕಡ್ಡಿಯನ್ನು ಆ ಕಡೆ ಈ ಕಡೆ ಜಗ್ಗುತ್ತಿದ್ದರು. ದೂರದಲ್ಲಿ ವಿಮಾನ ಅಮಲೇರಿದವರಂತೆ ಹೊರಳಾಡುತ್ತಿತ್ತು.

"ಕೈ ಬಿಡಿ ಡಾಕ್ಟ್ರೇ."

"ಆಂ?"

"ಕೈ ಬಿಡಿ ಅಂದೆ. ಅದು ಕೈ ಕೊಡಲ್ಲ."

ಅವರು ಪೊಲೀಸರಿಗೆ ಸಿಕ್ಕಿದವರ ಹಾಗೆ ಎರಡೂ ಕೈಗಳನ್ನು ತಲೆಯ ಮೇಲೆತ್ತಿದರು. ವಿಮಾನ ಒಂದು ಹೊರಳು ಹೊರಳಿ, ಯೋಚಿಸಿ, ಸಮವಾಯಿತು. ಆದರೆ ಲಗಾಮು ಅವರ ಎದೆಯ ಮೇಲೆ ತೂಗುತ್ತಿತ್ತು, ಬಿಡಿಸಿಕೊಳ್ಳಲು ಹೊತ್ತಿರಲಿಲ್ಲ. ಎದುರು ನಿಂತು ಹಿಡಿದರೆ ಕಡ್ಡಿಗಳೂ ತಿರುಗುಮುರುಗು. ನಾನು ಅವರ ಬೆನ್ನಿನ ಹಿಂದೆ ಹೋಗಿ, ಎರಡೂ ಕೈಗಳಿಂದ ಅವರನ್ನು ಬಳಸಿ, ಅವರ ಹೊಟ್ಟೆಯ ಮೇಲಿದ್ದ ಕಡ್ಡಿಗಳನ್ನು ಹಿಡಿದೆ. ಅವರ ನೆತ್ತಿ ನನ್ನ ಗದ್ದದ ಕೆಳಗೆ ಬಂತು. ತೆಂಗಿನಮರವಾಗಿದ್ದಕ್ಕೆ ಅದೊಂದು ದಿನ ಪ್ರಯೋಜನವಾಯಿತು.

"ಎಲ್ಲಿದೆ?" ಎಂದರು, ಕೈ ಎತ್ತಿಕೊಂಡೇ.

"ನಮ್ಮ ಕಡೆ ಬರ್ತಿದೆ."

"ಯಾವ ಮಗ್ಗುಲು?"

"ಎಡ ಬಿದ್ದಿದೆ. ಕೈ ಕೊಡ್ತಿದೀನಿ. ಎದ್ತು."

"ಎಂಜಿನ್ ತಗ್ಗಿಸ್ರೀ. ಮೂಗು ಎತ್ತಬೇಡಿ. ಅವಸರ ಮಾಡಬೇಡಿ, ಹಾಲು ಕರೆದ ಹಾಗೆ, ಹಾಲು ಕರೆದ ಹಾಗೆ."

"ನೀವು ಅಲ್ಲಾಡಬೇಡಿ ಡಾಕ್ಟ್ರೇ."

ಇಬ್ಬರು ಸರ್ಕಾರಿ ನೌಕರರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಕೆರೆಯಂಗಳದಲ್ಲಿ ಸುತ್ತ ತಿರುಗುತ್ತಿದ್ದುದನ್ನು ಆಡು ಕಾಯುವ ಮುದುಕನೂ ಭೌತಶಾಸ್ತ್ರವೂ ನೋಡುತ್ತ ನಿಂತರು. ಹಳದಿ ರೆಕ್ಕೆ ತಗ್ಗಿತು, ಇನ್ನೂ ತಗ್ಗಿತು. ಚಕ್ರ ಮಣ್ಣು ಮುಟ್ಟಿತು, ಪುಟಿಯಿತು, ಮತ್ತೆ ಮುಟ್ಟಿತು. ಜಾಲಿಯ ಪೊದೆಗೆ ಮೂತಿ ತಾಗಿ, ರಬ್ಬರು ಕಳಚಿ, ರೆಕ್ಕೆ ಪಕ್ಕಕ್ಕೆ ಜಾರಿ ಕೂತಿತು. ಒಂದು ಎಲುಬೂ ಮುರಿದಿರಲಿಲ್ಲ.

ನನಗೆ ಉಸಿರು ಬಂತು, ನಗು ಬಂತು. ಅವರನ್ನು ಹಾಗೆಯೇ ಎತ್ತಿ ಒಂದು ಸುತ್ತು ತಿರುಗಿಸಿದೆ. ಭೌತಶಾಸ್ತ್ರದವನು ಕೆಮ್ಮಿದ.

"ಮೇಷ್ಟ್ರೇ, ವಿಮಾನ ಇಳೀತು. ಇನ್ನು ಡಾಕ್ಟ್ರನ್ನೂ ಇಳಿಸಬಹುದು."

ಆತ ಹರಿಕಥೆ ಮಾಡಿದ. ಟೇಬಲ್ಲಿನ ಮೇಲೆ ನಿಂತು, ಚಿಟಿಕೆ ಹಿಡಿದು, ಗಜೇಂದ್ರ ಮೋಕ್ಷ. ಆನೆಯನ್ನು ಹಿಂದಿನಿಂದ ಅಪ್ಪಿಕೊಂಡು ಎತ್ತುವ ವಿಷ್ಣುವನ್ನು ಪುರಾಣ ಕಂಡಿಲ್ಲ, ಆತ ಸೇರಿಸಿದ್ದು. ಅದನ್ನೂ ನಾನು ಮರೆತಿಲ್ಲ.

ವಿಮಾನ ಇಳಿದ ಆ ಸಂಜೆ ಜಾಲಿಯ ನೆರಳಿನಲ್ಲಿ ಕೂತು ಡಾಕ್ಟರು ಎಲ್ಲವನ್ನೂ ಹೇಳಿ ಮುಗಿಸಿದರು. ಎರಡೂ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಹತ್ತಿರದ್ದು ಕಾಣುತ್ತಿತ್ತು, ದೂರದ್ದು ಮಂಜು. ಕಣ್ಣು ಕಾಣದ ಡಾಕ್ಟರ ಹತ್ತಿರ ಯಾರು ದನ ತರುತ್ತಾರೆಂದು ಮುಚ್ಚಿಟ್ಟಿದ್ದರು; ಆಪರೇಷನ್ನಿಗೆ ಹೆದರಿದ್ದರು. ಕುದುರೆಗೆ ಸೂಜಿ ಚುಚ್ಚುವವರಿಗೆ ತಮ್ಮ ಕಣ್ಣಿನ ಹತ್ತಿರ ಸೂಜಿ ಬರುವುದೆಂದರೆ ಆಗದು. ನಾನು ಪರೀಕ್ಷೆ ಎಂದುಕೊಂಡಿದ್ದ ಪ್ರಶ್ನೆಗಳೆಲ್ಲ ಪ್ರಶ್ನೆಗಳೇ ಆಗಿದ್ದವು. ನನಗೆ ಇನ್ನೊಂದೂ ಹೊಳೆಯಿತು. ನಕ್ಷೆಗಿಂತ ದೊಡ್ಡ ರೆಕ್ಕೆ. ಅರಿಸಿನದ ಹಳದಿ. ಎಮ್ಮೆಯ ನಡಿಗೆ.

"ಡಾಕ್ಟ್ರೇ, ಈ ವಿಮಾನ ಆರಿಸಿದ್ದು ಹೊಸಬನಾದ ನನಗಾಗಿಯೋ, ನಿಮಗಾಗಿಯೋ?"

ಅವರು ಹರಳೆಣ್ಣೆಯ ಮುಖವನ್ನು ತೋಳಿಗೆ ಒರೆಸಿಕೊಂಡರು.

"ನಿಮ್ ಕೈಗೂ ನನ್ ಕಣ್ಣಿಗೂ ಒಂದೇ ವಿಮಾನ ಹೊಂದ್ತು ಕಣ್ರೀ. ಜಾತಕ ಕೂಡಿಬಂತು ಅಂದ್ಕೊಳ್ಳಿ."

ನಾನು ಅಂದುಕೊಳ್ಳಲಿಲ್ಲ. ಎರಡು ವಾರ ಮಾತು ಬಿಟ್ಟೆ. ಮೂರನೆಯ ವಾರ ನಾನೇ ಅವರನ್ನು ತೋಳು ಹಿಡಿದು ಬೆಂಗಳೂರಿನ ಬಸ್ಸಿಗೆ ಹತ್ತಿಸಿದೆ. ಆಪರೇಷನ್ ಕೋಣೆಯ ಬಾಗಿಲಲ್ಲಿ ಅವರು ನನ್ನ ಮಣಿಕಟ್ಟನ್ನು ಹಿಡಿದು ನಿಂತುಬಿಟ್ಟರು. ನರ್ಸಮ್ಮ, "ಕೈ ಬಿಡಿ ಯಜಮಾನ್ರೇ" ಎಂದು ಹೇಳಬೇಕಾಯಿತು. ನಮ್ಮಿಬ್ಬರಿಗೂ ಒಟ್ಟಿಗೇ ನಗು ಬಂತು. ಆಕೆಗೆ ಯಾಕೆಂದು ತಿಳಿಯಲಿಲ್ಲ.

ಕೆಲವು ತಿಂಗಳ ಮೇಲೆ, ಸೋಡಾ ಬಾಟಲಿಯ ತಳದಂಥ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಶೆಟ್ಟಿಹಳ್ಳಿಯ ಮನೆಗೆ ಬಂದರು. ಗಾಜಿನ ಹಿಂದೆ ಅವರ ಕಣ್ಣು ಕರುವಿನ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ನನ್ನ ಹೆಂಡತಿಯನ್ನು ನೋಡಿ, "ನೀವು ಇಷ್ಟು ಚಿಕ್ಕವರೇನಮ್ಮ? ಪಾಪ" ಎಂದರು. ಆ ಪಾಪ ಯಾರನ್ನು ಕುರಿತದ್ದೆಂದು ಹೇಳಬೇಕಿಲ್ಲ. ಆಮೇಲೆ ತಲೆ ಎತ್ತಿದರು. ನಡುಮನೆಯ ಜಂತಿಗೆ ವಿಮಾನವನ್ನು ತೂಗುಹಾಕಿದ್ದೆ. ಬಹಳ ಹೊತ್ತು ನೋಡಿದರು. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏನ್ರೀ ವ್ಯಾಕರಣ, ಇಷ್ಟು ಕುರೂಪವಾಗಿತ್ತೇನ್ರೀ ಇದು?"

ಒಳಗಿನಿಂದ ನನ್ನ ಹೆಂಡತಿ ನಕ್ಕ ಸದ್ದು ಕೇಳಿಸಿತು. ಅವರು ಕುರ್ಚಿಯಲ್ಲಿ ಕೂತು, ಎರಡು ಗುಟುಕು ಕಾಫಿ ಕುಡಿದು, ಲೋಟದೊಳಗೆ ನೋಡುತ್ತ ಮೆಲ್ಲನೆ ಕೇಳಿದರು.

"ಆ ಕೆಂಪು ವಿಮಾನದ ಚಿತ್ರ ಎಲ್ಲೋ ಬಿಸಾಕಿರ್ತೀರಿ."

ನಾನು ಯಾವುದನ್ನೂ ಬಿಸಾಡುವವನಲ್ಲ. ಬೀರುವಿನಿಂದ ಕ್ಯಾಟಲಾಗು ತೆಗೆದು, ತಾನಾಗಿಯೇ ತೆರೆದುಕೊಳ್ಳುವ ಆ ನಡುಪುಟವನ್ನು ಅವರ ತೊಡೆಯ ಮೇಲೆ ಬಿಡಿಸಿಟ್ಟೆ. ಈ ಸಲ ಅವರು ಅದನ್ನು ಮೂಗಿಗೆ ತಾಗಿಸಲಿಲ್ಲ. ಕೈ ನೀಡಿ ದೂರ ಹಿಡಿದರು. ಕರುವಿನ ಕಣ್ಣುಗಳು ಇನ್ನೂ ಅಗಲವಾದವು.

"ಹಲ್ಲು ಚೆನ್ನಾಗಿವೆ ಕಣ್ರೀ" ಎಂದರು.